ಕಾದ ಎಣ್ಣೆಯಿಂದ ಕಣ್ಣು ಕೆಟ್ಟಿತೇ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 71 ವರ್ಷ. ಮುಂಬೈಯ ಮಾಟುಂಗಾದ ಹೋಟೆಲ್ ಒಂದರಲ್ಲಿ ವಡೆ, ಬಜ್ಜಿ ಕರಿಯುತ್ತಲೇ ಜೀವನ ಕಳೆದವರು. ಬೀಡಿ ಇನ್ನೂ ಬಿಟ್ಟಿಲ್ಲ. ಈಗ ಎಡಗಣ್ಣಿಗೆ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದಂತೆ. ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಕೆಳಗೆ ಹೊಸ ರಕ್ತನಾಳ ಬೆಳೆದಿವೆ, ಇಂಜೆಕ್ಷನ್ ಬೇಕು ಎಂದಿದ್ದಾರೆ. ಆಕ್ಸಿಡೈಸ್ ಆದ, ಅಂದರೆ ಆಮ್ಲಜನಕ ಸೇರಿ ಕೆಟ್ಟ, ಕೊಬ್ಬಿನಿಂದ ಹೀಗಾಗುತ್ತದೆಂದು ಓದಿದೆ. ಕರಿದ ಎಣ್ಣೆಯೇ ಕಾರಣವೇ? ಅದನ್ನು ಬಿಟ್ಟರೆ ಇಂಜೆಕ್ಷನ್ ತಪ್ಪುತ್ತದೆಯೇ?
– ಓದುಗರು, ಡೊಂಬಿವಲಿ

ಉತ್ತರ: ತಪ್ಪುವುದಿಲ್ಲ. ದಯವಿಟ್ಟು ಈ ವಾರವೇ ಹಾಕಿಸಿ. ಇದು ವಯಸ್ಸಾದಂತೆ ರೆಟಿನಾದ ನಡುಭಾಗ ಕೆಡುವ ಕಾಯಿಲೆ, ಎಎಂಡಿ ಎನ್ನುತ್ತೇವೆ. ಈ ಹೊಸ ನಾಳಗಳು ತೀರಾ ದುರ್ಬಲ. ಸೋರುತ್ತವೆ, ರಕ್ತ ಒಸರುತ್ತವೆ. ಅಲ್ಲಿ ಗಾಯದ ಕಲೆ ಕಟ್ಟಿದರೆ ಹೋದ ದೃಷ್ಟಿ ಮರಳುವುದು ಕಷ್ಟ.

ನೀವು ಓದಿದ್ದು ಸುಳ್ಳಲ್ಲ. ಆದರೆ ಆ ಕೊಬ್ಬು ಬಾಣಲೆಯದಲ್ಲ, ಕಣ್ಣಿನದೇ. ಬೆಳಕು ಹಿಡಿಯುವ ಕೋಶಗಳಲ್ಲಿ ಡಿಎಚ್‌ಎ ಎಂಬ ಕೊಬ್ಬು ಜಾಸ್ತಿ. ಬೆಳಕು, ಆಮ್ಲಜನಕ ಎರಡೂ ಸೇರಿದರೆ ಅದು ಬೇಗ ಕೆಡುತ್ತದೆ. ಈ ಕೋಶಗಳ ಸವೆದ ತುದಿಗಳನ್ನು ಕೆಳಗಿನ ಪದರ ದಿನವೂ ನುಂಗಿ ಜೀರ್ಣಿಸಬೇಕು. ವಯಸ್ಸಾದಂತೆ ಆ ಕೆಲಸ ಪೂರ್ತಿ ನಡೆಯುವುದಿಲ್ಲ, ಕಸ ಉಳಿಯುತ್ತದೆ. ಹಳದಿ ಚುಕ್ಕೆಗಳಾಗಿ ಕಾಣುವ ಆ ಕಸಕ್ಕೆ ಡ್ರೂಸನ್ ಎನ್ನುತ್ತೇವೆ. ಕೆಟ್ಟ ಡಿಎಚ್‌ಎಯ ಒಂದು ತುಣುಕು ಪ್ರೋಟೀನಿಗೆ ಅಂಟಿಕೊಂಡು ಸಿಇಪಿ ಎಂಬ ವಸ್ತು ಆಗುತ್ತದೆ. ಇದು ಡ್ರೂಸನ್‌ನಲ್ಲೇ ಸಿಕ್ಕಿದೆ, ಇಲಿಗಳ ಕಣ್ಣಲ್ಲಿ ನಾಳ ಬೆಳೆಸಿಯೂ ತೋರಿಸಿದೆ. ಇದರ ಜೊತೆಗೆ ಉರಿಯೂತ, ವಿಇಜಿಎಫ್ ಎಂಬ, ರಕ್ತನಾಳ ಬೆಳೆಸುವ ಪ್ರೋಟೀನ್ ಕೂಡ ಇವೆ. ಇಂಜೆಕ್ಷನ್ ತಡೆಯುವುದು ಈ ವಿಇಜಿಎಫ್ ಅನ್ನು.

ಹಾಗಾಗಿ, ತಾವು ಕರಿದ ವಡೆಯಿಂದಲೇ ಕಣ್ಣು ಹೋಯಿತೆಂದು ತಂದೆಯವರು ಕೊರಗುವುದು ಬೇಡ. ಅವರಿಗೆ ಇದನ್ನು ಓದಿ ಹೇಳಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಹೃದಯಕ್ಕೆ ಒಳ್ಳೆಯದಲ್ಲ, ಅದನ್ನು ಬಿಡಲಿ. ಆದರೆ ಕಣ್ಣಿಗೆ ನಿಜವಾದ ಶತ್ರು ಆ ಬೀಡಿ. ವಯಸ್ಸು, ವಂಶ ನಮ್ಮ ಕೈಲಿಲ್ಲ, ಬೀಡಿ ಇದೆ ಅಲ್ವಾ?

ಇಂಜೆಕ್ಷನ್‌ಗೆ ಹೆದರಬೇಡಿ. ಮರಗಟ್ಟಿಸುವ ಹನಿ ಹಾಕುತ್ತಾರೆ, ಕೆಲವು ಸೆಕೆಂಡಿನ ಕೆಲಸ. ಒಂದಕ್ಕೇ ಮುಗಿಯುವುದಿಲ್ಲ. ಮೊದಲು ತಿಂಗಳಿಗೊಂದರಂತೆ ಸಾಮಾನ್ಯವಾಗಿ ಮೂರು, ಮುಂದಿನದು ಸ್ಕ್ಯಾನ್ ನೋಡಿ. ಕಣ್ಣು ಮಂಜಾಗಿರುವಾಗ ಲೋಕಲ್ ರೈಲಿನಲ್ಲಿ ಒಬ್ಬರನ್ನೇ ಕಳಿಸಬೇಡಿ. ಇಂಜೆಕ್ಷನ್ ಆದಮೇಲೆ ನೋವು ಹೆಚ್ಚಿ, ಕಣ್ಣು ಕೆಂಪಾಗಿ, ದೃಷ್ಟಿ ಕುಂದಿದರೆ ಅಂದೇ ಆಸ್ಪತ್ರೆಗೆ ಓಡಿ.

ಬಲಗಣ್ಣನ್ನು ಮರೆಯಬೇಡಿ. ಎಡಗಣ್ಣು ಮುಚ್ಚಿ, ಚೌಕಳಿ ಗೆರೆಯ ಕಾಗದವನ್ನು ದಿನವೂ ನೋಡಲಿ. ಗೆರೆ ಬಾಗಿದರೆ ಕಾಯಬೇಡಿ. ನಿಮಗೂ 50 ದಾಟಿದ್ದರೆ, ತಂದೆಯವರನ್ನು ಕರೆದೊಯ್ದ ದಿನವೇ ನೀವೂ ಪಾಪೆ ಹಿಗ್ಗಿಸಿ ಕಣ್ಣು ತೋರಿಸಿಕೊಳ್ಳಿ.