ಅಪ್ಪ ಒಪ್ಪಿಬಿಟ್ಟರೆ ಏನು ಮಾಡುತ್ತೀರಿ?

ಮನೆಯವರು ಬೇಡವೆಂದ ಪ್ರೀತಿಯನ್ನು ಹೊತ್ತು, ಸಲಹೆ ಕೇಳಲು ಯೊಕೊಹಾಮಾದ ನನ್ನ ಕೊಠಡಿಗೆ ಬರುವವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಅಪ್ಪ ಒಪ್ಪಿದರೆ ಎಲ್ಲ ಸರಿಹೋಗುತ್ತದೆ.’ ಕನ್ನಡದ ಹುಡುಗಿಯರೂ ಹೇಳಿದ್ದಾರೆ, ಜಪಾನಿನವರೂ ಹೇಳಿದ್ದಾರೆ. ಆ ಮಾತನ್ನು ಈಗ ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಕಾರಣ ಈ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಕಾನಜಾವಾದವಳು. ಕಿಮೋನೊಗೆ ಬಣ್ಣ ಹಾಕುವ ಕಾಗಾ ಯೂಜೆನ್ ಕಸುಬಿನ ಮನೆತನ, ಒಬ್ಬಳೇ ಮಗಳು. ಉದ್ಯೋಗ ಯೊಕೊಹಾಮಾದಲ್ಲಿ, ಕೃತಕ ಹಲ್ಲು ತಯಾರಿಸುವ ಪ್ರಯೋಗಾಲಯದಲ್ಲಿ. ಪ್ರೀತಿಸಿದ್ದು ಯುರೋಪಿನಿಂದ ಬಂದ ಚಿತ್ರಕಾರನನ್ನು. ತಂದೆಯ ಲೆಕ್ಕದಲ್ಲಿ ಅಳಿಯನಾದವನು ದತ್ತು ಬಂದು ಮನೆತನದ ಹೆಸರನ್ನೂ ಕಸುಬನ್ನೂ ಮುಂದುವರಿಸಬೇಕು. ಗಂಡುಮಕ್ಕಳಿಲ್ಲದ ಜಪಾನೀ ಮನೆಗಳು ಹಿಂದಿನಿಂದಲೂ ಹಿಡಿದ ದಾರಿ ಅದು. ವಿದೇಶಿಯನ್ನು ಕಟ್ಟಿಕೊಂಡರೆ ಮನೆಯ ಹೆಸರೇ ಅಳಿಯುತ್ತದೆ ಎಂದು ಅವರ ಪಟ್ಟು. ಕಾನೂನಿನ ತಡೆಯೇನೂ ಇಲ್ಲ. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 24ನೇ ವಿಧಿಯ ಪ್ರಕಾರ ಮದುವೆಗೆ ಇಬ್ಬರ ಒಪ್ಪಿಗೆ ಸಾಕು. ಅದು ಆಕೆಗೂ ಗೊತ್ತಿತ್ತು.

ಒಂದು ಸಂಜೆ ತಂದೆಯ ಆಕ್ಷೇಪವನ್ನೇ ಕೈಗೆತ್ತಿಕೊಂಡೆವು. ಜಪಾನೀಯರಿಬ್ಬರು ಮದುವೆಯಾದರೆ ಒಬ್ಬರು ತಮ್ಮ ಮನೆತನದ ಹೆಸರನ್ನು ಬಿಡಲೇಬೇಕು. ವಿದೇಶಿಯನ್ನು ಮದುವೆಯಾದರೆ ಆ ಕಟ್ಟಳೆ ಇಲ್ಲ. ಗಂಡನ ಹೆಸರು ಬೇಕಿದ್ದವರು ಆರು ತಿಂಗಳೊಳಗೆ ತಾವಾಗಿ ತಿಳಿಸಬೇಕು, ಇಲ್ಲದಿದ್ದರೆ ಹುಟ್ಟಿದ ಮನೆಯ ಹೆಸರೇ ಉಳಿಯುತ್ತದೆ. ತಂದೆಯ ಕೊಸೆಕಿಯಿಂದ, ಅಂದರೆ ಕುಟುಂಬ ನೋಂದಣಿಯಿಂದ, ಹೊರಬಂದ ಆಕೆಗೆ ಅದೇ ಹೆಸರಿನಲ್ಲಿ ಹೊಸ ಕೊಸೆಕಿ ಶುರುವಾಗುತ್ತದೆ. ಮಕ್ಕಳೂ ಅದರಲ್ಲೇ ಸೇರುತ್ತಾರೆ. ಹೆಸರು ಉಳಿಯುವುದೊಂದೇ ಮುಖ್ಯವಾದರೆ ಈ ಚಿತ್ರಕಾರ ಕಾನಜಾವಾದ ಹಲವು ವರರಿಗಿಂತ ವಾಸಿ!

ಆಕೆ ನಗುತ್ತಾಳೆಂದುಕೊಂಡಿದ್ದೆ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಳು. ಆಮೇಲೆ ಕೇಳಿದಳು: ‘ಹಾಗಾದರೆ ಇನ್ನು ನಾನೇ ತೀರ್ಮಾನಿಸಬೇಕೇ?’

ಅಲ್ಲಿಂದ ಮಾತು ಅಪ್ಪನನ್ನು ಬಿಟ್ಟು ಮೊದಲ ಸಲ ಪ್ರಿಯಕರನ ಕಡೆ ತಿರುಗಿತು. ಅವನು ಬಿಡಿಸಿದ ತನ್ನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಎಲ್ಲದರಲ್ಲೂ ಅಜ್ಜಿಯ ಕಿಮೋನೊ, ಬಾಗಿದ ಕುತ್ತಿಗೆ, ಕೆಳಗಿಳಿದ ಕಣ್ಣು. ಬೆರಳಿಗೆ ಪ್ಲಾಸ್ಟರಿನ ಪುಡಿ ಮೆತ್ತಿಕೊಂಡು ಹಲ್ಲು ಕೊರೆಯುವ ಆಕೆ ಒಂದರಲ್ಲೂ ಇರಲಿಲ್ಲ. ‘ನನ್ನ ಕೆಲಸವನ್ನು ಅವನು ಒಮ್ಮೆಯೂ ಬಂದು ನೋಡಿಲ್ಲ’ ಎಂದಳು. ಅವನ ವೀಸಾ ಸಾಂಸ್ಕೃತಿಕ ಚಟುವಟಿಕೆಯದು. ಪ್ರತ್ಯೇಕ ಅನುಮತಿಯಿಲ್ಲದೆ ಸಂಪಾದಿಸುವಂತಿಲ್ಲ. ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನೂ ಆಕೆ ಕೇಳಿರಲಿಲ್ಲ. ಅಪ್ಪನೆದುರು ಅವನ ಪರವಾಗಿ ವಾದಿಸುವ ಭರದಲ್ಲಿ ಈ ವಕೀಲೆ ತನ್ನ ಕಕ್ಷಿದಾರನನ್ನೇ ವಿಚಾರಿಸಿರಲಿಲ್ಲ.

ನಾನು ಹೇಳಿದ್ದಿಷ್ಟು: ತಂದೆಯ ಮನವೊಲಿಸುವುದು ಸದ್ಯಕ್ಕೆ ನಿಲ್ಲಲಿ, ಕಿಮೋನೊ ಉಟ್ಟು ಕೂರುವುದೂ ನಿಲ್ಲಲಿ. ವೀಸಾ, ಆದಾಯ, ಯಾವ ದೇಶದಲ್ಲಿ ಸಂಸಾರ ಎಂಬುದನ್ನೆಲ್ಲ ಅವನನ್ನು ನೇರವಾಗಿ ಕೇಳಿ. ಒಮ್ಮೆ ಪ್ರಯೋಗಾಲಯಕ್ಕೆ ಕರೆದೊಯ್ಯಿರಿ.

ಅಪ್ಪನ ಪಕ್ಷ ವಹಿಸಿದೆ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಮದುವೆ ಬೇಡವೆಂದು ನಾನು ಹೇಳಿಯೇ ಇಲ್ಲ. ಕಲಾವಿದರೆಂದರೆ ನನಗೆ ಅನುಮಾನವೂ ಇಲ್ಲ. ಕಿಯೊಹಾರಾ ತಮಾ ಎಂಬಾಕೆ ಟೋಕಿಯೊದಲ್ಲಿ ಕಲಿಸುತ್ತಿದ್ದ ಇಟಲಿಯ ಶಿಲ್ಪಿ ವಿನ್ಸೆಂಜೊ ರಗೂಸಾನಿಗೆ ಮಾದರಿಯಾಗಿದ್ದವಳು. 1882ರಲ್ಲಿ ಅವನೊಂದಿಗೆ ಪಲೆರ್ಮೊಗೆ ಹೋದಳು, ಅವನನ್ನೇ ಮದುವೆಯಾದಳು, ಅವನು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ 1933ರಲ್ಲಿ ತಾಯ್ನಾಡಿಗೆ ಮರಳಿದಳು. ಆದರೆ ತಮಾ ಸ್ವತಃ ಚಿತ್ರಕಾರ್ತಿ. ಆ ಮನೆಯಲ್ಲಿ ಕುಂಚ ಅವಳ ಕೈಯಲ್ಲೂ ಇತ್ತು. ನನ್ನೆದುರು ಕುಳಿತವಳಿಗೆ ತನ್ನ ಜಾಗ ಯಾವುದೆಂದೇ ತಿಳಿಯದಿರುವಾಗ ಕೈಯೆತ್ತಿ ಹರಸುವುದು ನನ್ನಿಂದಾಗದು.

ಆಕೆಯ ಚಿತ್ರಕಾರ ಮೊದಲು ಮುನಿಸಿಕೊಂಡನಂತೆ. ಆಮೇಲೆ ಪ್ರಯೋಗಾಲಯಕ್ಕೆ ಬಂದು ಅರ್ಧ ದಿನ ಕುಳಿತನಂತೆ. ವೀಸಾದ ವಿಷಯಕ್ಕೆ ಮಾತ್ರ ಇನ್ನೂ ನೆಟ್ಟಗೆ ಉತ್ತರ ಬಂದಿಲ್ಲ. ಕೊಸೆಕಿಯ ವಿಚಾರವನ್ನು ತಂದೆಗೆ ತಿಳಿಸಲೇ ಎಂದು ಆಕೆ ಕೇಳಿದಳು. ಅವನ ಉತ್ತರ ಸಿಕ್ಕ ಮೇಲೆ ತಿಳಿಸಿ ಎಂದೆ.