ರಾಜಕೀಯವಾಗಿ ಒಪ್ಪದ ಕಲಾವಿದರ ಸಂಗೀತವನ್ನು ಕೇಳುವುದನ್ನು ಬಿಡಬೇಕೇ?

ನೆಚ್ಚಿನ ಗಾಯಕರ ರಾಜಕೀಯ ನಿಲುವು ತಿಳಿದ ಮೇಲೆ ಅವರ ಹಾಡು ಹಾಕಿದರೆ ಕಸಿವಿಸಿಯಾಗುತ್ತದೆ, ಕೇಳುವುದನ್ನೇ ಬಿಡಬೇಕೇ ಎಂದು ಕೇಳಿದ್ದೀರಿ. ನಾನಂತೂ ಬಿಟ್ಟಿಲ್ಲ. ಹಾಗೆಂದು ‘ಕಲೆಗೂ ರಾಜಕೀಯಕ್ಕೂ ಸಂಬಂಧವಿಲ್ಲ’ ಎಂಬ ಸವಕಲು ಮಾತನ್ನು ನಂಬಿದವನೂ ಅಲ್ಲ.

ಕರ್ನಾಟಕ ಸಂಗೀತ ಕೇಳುವವರಿಗೆ 2024ರ ಮಾರ್ಚ್ ತಿಂಗಳು ನೆನಪಿರುತ್ತದೆ. ಚೆನ್ನೈನ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಸಂಗೀತ ಕಲಾನಿಧಿ ಗೌರವಕ್ಕೆ ಗಾಯಕ ಟಿ.ಎಂ. ಕೃಷ್ಣ ಅವರನ್ನು ಆರಿಸಿತು. ಈ ಗೌರವ ಪಡೆದವರೇ ಅಕಾಡೆಮಿಯ ವಾರ್ಷಿಕ ಸಮ್ಮೇಳನದ ಅಧ್ಯಕ್ಷರಾಗುತ್ತಾರೆ. ತಮಿಳುನಾಡಿನ ಬ್ರಾಹ್ಮಣ್ಯವಿರೋಧಿ ಚಳವಳಿಯ ನಾಯಕ ಪೆರಿಯಾರ್ ಅವರನ್ನು ಕೊಂಡಾಡುವ ವ್ಯಕ್ತಿಯ ಅಧ್ಯಕ್ಷತೆಯಲ್ಲಿ ನಡೆಯುವ ಸಮ್ಮೇಳನದಲ್ಲಿ ಭಾಗವಹಿಸಲಾರೆವು ಎಂದು ಜೊತೆಯಾಗಿ ಹಾಡುವ ರಂಜನಿ–ಗಾಯತ್ರಿ ಸೋದರಿಯರು ಬಹಿರಂಗವಾಗಿ ಪತ್ರ ಬರೆದು ಹಿಂದೆ ಸರಿದರು. ಇನ್ನೂ ಕೆಲವರು ಅದೇ ದಾರಿ ಹಿಡಿದರು. ಈ ಜಗಳದಲ್ಲಿ ನಾನು ಕೃಷ್ಣ ಅವರ ಕಡೆಯವನು. ಸಂಗೀತ ಸಭೆಗಳಲ್ಲಿ ಜಾತಿ ಹೇಗೆ ಬೇರೂರಿದೆ ಎಂದು ಅವರು ಹೇಳುತ್ತ ಬಂದಿರುವುದರಲ್ಲಿ ಬಹುಪಾಲು ನನಗೆ ಸರಿ ಎನಿಸುತ್ತದೆ. ಸೋದರಿಯರ ಪತ್ರ ಓದಿದ ದಿನ ಮೈಯೆಲ್ಲ ಉರಿದಿತ್ತು.

ಆದರೆ ನನ್ನ ಮೊಬೈಲಿನಲ್ಲಿ ಹೆಚ್ಚು ಓಡುವುದು ಆ ಸೋದರಿಯರು ಹಾಡಿದ ಅಭಂಗಗಳೇ, ಅಂದರೆ ಮರಾಠಿ ಸಂತರ ಭಕ್ತಿಗೀತೆಗಳೇ. ಏನು ಮಾಡಲಿ? ಇಬ್ಬರೂ ಪಿಟೀಲಿನಿಂದ ಹಾಡುಗಾರಿಕೆಗೆ ಬಂದವರು. ಒಬ್ಬರು ತಾರಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, ನಿಂತಿರುವಾಗ ಇನ್ನೊಬ್ಬರು ಕೆಳಗಿನಿಂದ ರಾಗವನ್ನು ಕಟ್ಟಿಕೊಂಡು ಬಂದು ಅದೇ ಸ್ವರವನ್ನು ಸೇರುತ್ತಾರಲ್ಲ, ಅಲ್ಲಿ ಯಾವ ದನಿ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಕಮಾನಿನ ಎಳೆತವೇ ಕಂಠಕ್ಕೆ ಇಳಿದುಬಂದಿದೆ. ಆಗ ಪತ್ರ ನೆನಪಾಗುವುದಿಲ್ಲ. ಹಾಡು ಮುಗಿದ ಮೇಲೆ ನೆನಪಾಗುತ್ತದೆ, ಸಿಟ್ಟೂ ಬರುತ್ತದೆ. ಅಂದ ಹಾಗೆ, ಅಭಂಗಗಳ ಇದೇ ಪರಂಪರೆಯಲ್ಲಿ ಚೋಖಾಮೇಳನೂ ಇದ್ದಾನೆ. ಮಹಾರ ಜಾತಿಯಲ್ಲಿ ಹುಟ್ಟಿದ್ದಕ್ಕೆ ಪಂಢರಪುರದ ಗುಡಿಯ ಹೊರಗೇ ನಿಲ್ಲಬೇಕಾಗಿ ಬಂದ ಸಂತ ಅವನು. ರಾಜಕೀಯವಿಲ್ಲದ ಹಾಡನ್ನೇ ಕೇಳುತ್ತೇನೆ ಎಂದು ಹೊರಟವರು ಭಕ್ತಿಗೀತೆಯನ್ನೂ ಬಿಡಬೇಕಾದೀತು.

ಇನ್ನು ನಾನು ಒಪ್ಪುವ ಕಲಾವಿದರ ವಿಷಯ. ಕೃಷ್ಣ ತಮ್ಮ ವಿಚಾರಗಳನ್ನು ವೇದಿಕೆಯ ಹೊರಗೆ ಬಿಟ್ಟು ಬರುವವರಲ್ಲ. ಆರಂಭದಲ್ಲಿ ಬರುವ ವರ್ಣವನ್ನು ಕಚೇರಿಯ ನಡುವೆ ಹಾಡುತ್ತಾರೆ, ಕೆಲವೊಮ್ಮೆ ಸಾಹಿತ್ಯವಿಲ್ಲದೆ ರಾಗವನ್ನಷ್ಟೇ ಬೆಳೆಸುವ ಆಲಾಪನೆಯನ್ನು ದೀರ್ಘವಾಗಿ ಮಾಡಿ, ಅದರ ನಂತರ ಬರಬೇಕಾದ ಕೃತಿಯನ್ನೇ ಎತ್ತಿಕೊಳ್ಳುವುದಿಲ್ಲ. ಉತ್ತರ ಕರ್ನಾಟಕದ ಜೋಗಪ್ಪಗಳ, ಅಂದರೆ ಯಲ್ಲಮ್ಮನ ಹಾಡು ಹಾಡುವ ಲಿಂಗಪರಿವರ್ತಿತ ಸಮುದಾಯದವರ, ಜೊತೆ ವೇದಿಕೆ ಹಂಚಿಕೊಂಡರು. ಅದು ನನಗೆ ಮೆಚ್ಚುಗೆಯಾದ ಕೆಲಸ. ಆದರೆ ಕೃತಿಯಿಲ್ಲದ ಆ ಆಲಾಪನೆ ಇದೆಯಲ್ಲ, ಎಲೆ ಹಾಕಿ ಪಲ್ಯ, ಕೋಸಂಬರಿ ಬಡಿಸಿ ಅನ್ನ ಬರುವ ಮುಂಚೆಯೇ ಎಬ್ಬಿಸಿದ ಹಾಗಿರುತ್ತದೆ. ತರ್ಕ ಒಪ್ಪಿಗೆಯಾದರೂ ಕಿವಿ ಒಪ್ಪುವುದಿಲ್ಲ. ರಾಜಕೀಯ ಒಂದೇ ಆದ ಮಾತ್ರಕ್ಕೆ ಬೇಸರ ಬಾರದೇ ಇರುತ್ತದೆಯೇ?

ಒಮ್ಮೆ ಬೆಂಗಳೂರಿನ ರಾಮನವಮಿ ಪೆಂಡಾಲಿನಲ್ಲಿ ಕೃಷ್ಣ ಅವರ ಕಚೇರಿ. ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಶ್ರುತಿ ಕೂಡಿಸುವ ಹೊತ್ತಿಗೇ ಶುರು ಮಾಡಿದರು: ‘ಈ ಮನುಷ್ಯನಿಗೆ ಬಾಯಿ ಜಾಸ್ತಿ ಕಣ್ರೀ.’ ‘ಮತ್ತೆ ಯಾಕೆ ಬಂದಿರಿ ರಾಯರೇ?’ ಎಂದೆ. ‘ಸಾವೇರಿ ರಾಗ ಹಾಡಿದರೂ ಹಾಡಿಯಾನು ಅಂತ’ ಎಂದರು. ಅಂದು ಸಾವೇರಿ ಹಾಡಲೇ ಇಲ್ಲ. ಆದರೂ ಬೇಗಡೆ ರಾಗದ ಆಲಾಪನೆಗೆ ತೊಡೆ ತಟ್ಟಿ ‘ಭಲೇ’ ಎಂದವರಲ್ಲಿ ರಾಯರೇ ಮೊದಲಿಗರು. ಬೈಗುಳವನ್ನೂ ಹಿಂದೆಗೆದುಕೊಳ್ಳಲಿಲ್ಲ, ಭಲೇ ಎಂದದ್ದನ್ನೂ ಹಿಂದೆಗೆದುಕೊಳ್ಳಲಿಲ್ಲ. ನಾನು ಆ ಸೋದರಿಯರ ಹಾಡು ಕೇಳುವುದೂ ಹೆಚ್ಚುಕಡಿಮೆ ಹೀಗೆಯೇ.

ಮಜವೆಂದರೆ, ಈ ಎರಡೂ ಬಣಗಳ ಬೇರು ಒಂದೇ ಕಡೆ ಇದೆ. ಕೃಷ್ಣ ಅವರು ಹಿಂದಿನ ತಲೆಮಾರಿನ ದೊಡ್ಡ ಗಾಯಕ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರಲ್ಲಿ ಕಲಿತವರು. ರಂಜನಿ–ಗಾಯತ್ರಿ ಅವರ ಗುರು ಪಿ.ಎಸ್. ನಾರಾಯಣಸ್ವಾಮಿ ಕೂಡ ಅದೇ ಸೆಮ್ಮಂಗುಡಿಯವರ ಶಿಷ್ಯರು. ಒಂದೇ ಗುರುಮನೆಯ ಪಾಠದಿಂದ ಎರಡು ತದ್ವಿರುದ್ಧ ನಿಲುವುಗಳು ಹೊರಬರಬಹುದಾದರೆ, ರಾಗದ ಮೇಲೆ ಒಂದು ಪಕ್ಷದ ಹಕ್ಕು ಸಾಧಿಸುವುದು ಯಾರಿಗೂ ಸುಲಭವಲ್ಲ.

ಒಂದು ಕಡೆ ಮಾತ್ರ ನಾನು ನಿಲ್ಲಿಸಿಬಿಡುತ್ತೇನೆ. 2018ರ ಮಿ ಟೂ ಲೈಂಗಿಕ ಕಿರುಕುಳದ ಆರೋಪಗಳ ನಂತರ ಮ್ಯೂಸಿಕ್ ಅಕಾಡೆಮಿ ಏಳು ಕಲಾವಿದರನ್ನು ಆ ವರ್ಷದ ಕಚೇರಿಗಳಿಂದ ಕೈಬಿಟ್ಟಿತು. ಅದು ಅಭಿಪ್ರಾಯಭೇದದ ಪ್ರಶ್ನೆಯಲ್ಲ. ವೇದಿಕೆ, ಹೆಸರು, ಗುರುಸ್ಥಾನ ಇವುಗಳನ್ನು ಬಳಸಿ ಇನ್ನೊಬ್ಬರಿಗೆ ನೋವು ಕೊಟ್ಟವರ ಕಚೇರಿಗೆ ಹಣ ಕೊಟ್ಟು ಹೋಗಲು ನನ್ನಿಂದಾಗದು. ನೀವು ಹೇಳುವ ಗಾಯಕರು ಮತ ಯಾರಿಗೆ ಹಾಕುತ್ತಾರೆ, ಯಾರನ್ನು ಹೊಗಳುತ್ತಾರೆ ಎಂಬಷ್ಟೇ ತೊಡಕಾಗಿದ್ದರೆ, ಹಾಡು ಕೇಳಿ. ಅವರ ಮಾತು ತಪ್ಪೆನಿಸಿದಾಗ ತಪ್ಪು ಎಂದೂ ಹೇಳಿ.

ಸೋದರಿಯರು ಮತ್ತೆ ಬೆಂಗಳೂರಿನಲ್ಲಿ ಹಾಡಿದರೆ ಟಿಕೆಟ್ ಕೊಳ್ಳುತ್ತೀರಾ ಎಂದು ನೀವು ಕೇಳಬಹುದು. ಕೊಳ್ಳುತ್ತೇನೆ. ಆ ಪತ್ರವನ್ನು ಈಗಲೂ ಒಪ್ಪುವುದಿಲ್ಲ.