ಹಳೇ ರಿವಾಲ್ವರ್ ಸಿಲಿಂಡರ್ ಬಿಗಿ ಆಗ್ತಿದೆ ಅಂದವರಿಗೆ

ಸರ್ ನಮಸ್ಕಾರ. ನೀವು ಕೇಳಿರೋದು ಇಷ್ಟು ಅಲ್ವಾ, ಸೆಕೆಂಡ್ ಹ್ಯಾಂಡ್ ಡಬಲ್ ಆ್ಯಕ್ಷನ್ (ಟ್ರಿಗರ್ ಎಳೆದ್ರೇ ಹಿಂದಿನ ಹ್ಯಾಮರ್ ತಾನೇ ಎದ್ದು ಬಡಿಯೋ) 357 ಮ್ಯಾಗ್ನಮ್ ರಿವಾಲ್ವರ್ ತಗೊಂಡಿದೀರಿ, ಲೈಸೆನ್ಸಲ್ಲಿ ಎಲ್ಲ ಸೇರಿದೆ, ರೇಂಜಲ್ಲಿ ಮೊದಲ ಮೂರು ಸಲ ಸಿಲಿಂಡರ್ (ಗುಂಡು ಕೂರೋ ತಿರುಗೋ ಉರುಳೆ) ತುಂಬಿ ಹೊಡೆದಾಗ ಬೆಣ್ಣೆ ಥರ ಹೋಯ್ತು, ಆಮೇಲೆ ಟ್ರಿಗರ್ ಕಲ್ಲಾಯ್ತು, ಸಿಲಿಂಡರ್ ತೆರೆಯೋಕೂ ಒದ್ದಾಡಿದ್ರಿ, ಈಗ ಸೈಡ್ ಪ್ಲೇಟ್ ಬಿಚ್ಚಿ ಒಳಗೆ ನೋಡ್ಲಾ ಅಂತ. ಬೇಡ. ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ಹೊಡೀತಾ ಹೊಡೀತಾ ಬಿಗಿ ಆಗೋ ಕಾಯಿಲೆ ಸಾಮಾನ್ಯವಾಗಿ ಹೊರಗಡೆನೇ ಇರುತ್ತೆ, ಸೈಡ್ ಪ್ಲೇಟ್ ಒಳಗೆ ಅಲ್ಲ.

ಏನೇ ಮಾಡೋ ಮುಂಚೆ ಸಿಲಿಂಡರ್ ತೆರೆದು ಆರೂ ತೂತಲ್ಲಿ ಬೆಳಕು ಕಾಣುತ್ತಾ ನೋಡಿ, ತೋಟಾ ಡಬ್ಬಿ ಇನ್ನೊಂದು ರೂಮಲ್ಲಿರ್ಲಿ. ಗುಂಡು ಒಳಗಿದ್ದಾಗ್ಲೇ ಸಿಕ್ಕಾಕೊಂಡ್ರೆ ಮನೆಗೆ ತರ್ಬೇಡಿ, ಬ್ಯಾರೆಲ್ ಟಾರ್ಗೆಟ್ ಕಡೆನೇ ಇಟ್ಕೊಂಡು ರೇಂಜ್ ಆಫೀಸರ್‌ನ ಕರೀರಿ.

ಈಗ ಎಜೆಕ್ಟರ್ ರಾಡ್ (ಸಿಲಿಂಡರ್ ಮುಂದೆ ಇರೋ, ಖಾಲಿ ಕೇಸ್ ಹೊರಗೆ ತಳ್ಳೋ ಕಡ್ಡಿ) ಒತ್ತಿ ಹಿಡ್ಕೊಂಡು ಹಿಂದೆ ಎದ್ದು ಬರೋ ನಕ್ಷತ್ರದ ಆಕಾರದ ಸ್ಟಾರ್ ಅಡಿ ಟಾರ್ಚ್ ಬಿಟ್ಟು ನೋಡಿ. ರಾಗಿ ಕಾಳಿಗಿಂತ ಸಣ್ಣದಾಗಿ ಉರಿಯದೆ ಉಳಿದ ಮದ್ದಿನ ಚೂರು ಕೂತಿರುತ್ತೆ. ಒಂದೆರಡು ಚೂರು ಸಾಕು, ಸ್ಟಾರ್ ಪೂರ್ತಿ ಕೂರಲ್ಲ, ಕೇಸಿನ (ತೋಟಾದ ಲೋಹದ ಕವಚ) ತಳ ಹಿಂದಿನ ಫ್ರೇಮಿಗೆ ಉಜ್ಜುತ್ತೆ, ಟ್ರಿಗರ್ ಭಾರ ಅನ್ಸುತ್ತೆ. ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ಒಣದಾಗೇ ಉಜ್ಜಿ, ಅಲ್ಲಿಗೆ ಎಣ್ಣೆ ಸುರೀಬೇಡಿ, ಎಣ್ಣೆ ಇದ್ರೆ ಮುಂದಿನ ಸಲ ಇನ್ನೂ ಜಾಸ್ತಿ ಅಂಟುತ್ತೆ. ಖಾಲಿ ಕೇಸ್ ತೆಗೀವಾಗ ಬ್ಯಾರೆಲ್ ಆಕಾಶಕ್ಕೆ ಮಾಡಿ ರಾಡನ್ನ ಒಂದೇ ಏಟಿಗೆ ಒತ್ತಿ, ಕಸ ಕೆಳಗೆ ಬೀಳುತ್ತೆ, ಸ್ಟಾರ್ ಅಡಿ ಸೇರಲ್ಲ.

ಅದು ಕ್ಲೀನಾಗೇ ಇದ್ರೆ ಎರಡನೇ ಅನುಮಾನ ರಾಡ್ ಮೇಲೆ. ರಾಡ್ ಸಡಿಲ ಆದ್ರೆ ಸ್ವಲ್ಪ ಸ್ವಲ್ಪನೇ ಬಿಚ್ಕೊಂಡು ಉದ್ದ ಆಗುತ್ತೆ, ಮುಂದಿನ ಲಾಕ್‌ಗೆ ಒತ್ತುತ್ತೆ, ಸಿಲಿಂಡರ್ ತೆರೆಯೋಕೆ ಬರಲ್ಲ, ನೀವು ಹೇಳಿದ ಲಕ್ಷಣ ಇದಕ್ಕೇ ಹತ್ರ. ಇಲ್ಲೊಂದು ಮೋಸ ಇದೆ, ಸ್ಮಿತ್ ಅಂಡ್ ವೆಸನ್ನಲ್ಲಿ 1960ರ ಆಸುಪಾಸಿನಿಂದ ಈ ರಾಡಿಗೆ ಎಡಗೈ ಥ್ರೆಡ್, ಅಂದ್ರೆ ಉಲ್ಟಾ ತಿರುಗಿಸಿದ್ರೆ ಬಿಗಿ ಆಗೋದು. ನಾನು ಇದು ಗೊತ್ತಿಲ್ದೆ ಹೋದ ಸಲ ಬಿಗಿ ಮಾಡ್ತಿದೀನಿ ಅಂದ್ಕೊಂಡು ಕಾಲು ಗಂಟೆ ಬಿಚ್ಚಿದೀನಿ, ಕೊನೆಗೆ ಸಿಲಿಂಡರ್ ಮುಚ್ಚೋಕೇ ಬರ್ಲಿಲ್ಲ, ಮಗಳು ಪಕ್ಕದಲ್ಲಿ ನಿಂತು ನಗ್ತಾ ಇದ್ಲು. ಬಿಗಿ ಮಾಡುವಾಗ ಆರೂ ತೂತಿಗೆ ಖಾಲಿ ಕೇಸ್ ಹಾಕಿ, ಇಲ್ಲಾಂದ್ರೆ ಆ ತಿರುಚೋ ಜೋರೆಲ್ಲ ಸ್ಟಾರಿನ ಸಣ್ಣ ಪಿನ್ ಮೇಲೆ ಬೀಳುತ್ತೆ. ಇಕ್ಕಳಕ್ಕೆ ಚರ್ಮದ ತುಂಡು ಸುತ್ತಿ. ನಿಮ್ಮದು ಯಾವ ಕಂಪನಿ ಅಂತ ಬರ್ದಿಲ್ಲ, ಅದನ್ನ ನೋಡ್ಕೊಂಡೇ ಕೈ ಹಾಕಿ.

ಮೂರನೇದು ಬ್ಯಾರೆಲ್ಲಿಗೂ ಸಿಲಿಂಡರಿಗೂ ನಡುವಿನ ಸಂದು. ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಇದ್ರೆ ಅಳೀರಿ, ಇಂಚಿನ ಸಾವಿರದಲ್ಲಿ 4ರಿಂದ 8 ಭಾಗ ಅಂದ್ರೆ ಸುಮಾರು 0.1ರಿಂದ 0.2 ಮಿಲಿಮೀಟರ್ ಇದ್ರೆ ನೆಮ್ಮದಿ. ಸಿಲಿಂಡರನ್ನ ಹಿಂದಕ್ಕೆ ಒತ್ತಿ ಒಂದ್ಸಲ, ಮುಂದಕ್ಕೆ ಒತ್ತಿ ಒಂದ್ಸಲ ಅಳೀರಿ, ಎರಡಕ್ಕೂ ತುಂಬಾ ವ್ಯತ್ಯಾಸ ಬಂದ್ರೆ ಸಿಲಿಂಡರ್ ಹಿಂದೆ ಮುಂದೆ ಆಡ್ತಿದೆ, ಅದು ಗನ್‌ಸ್ಮಿತ್ (ಬಂದೂಕು ರಿಪೇರಿಯವರ) ಕೆಲಸ. ಸಂದು ತೀರಾ ಕಮ್ಮಿ ಇದ್ರೂ ಮಸಿ ಕೂತು ಬಿಸಿಗೆ ಹಿಡ್ಕೊಳುತ್ತೆ.

ಹಳೇ ಗನ್ನಲ್ಲಿ ಇನ್ನೊಂದು ನೋಡ್ಲೇಬೇಕು, ಟೈಮಿಂಗ್, ಅಂದ್ರೆ ತೂತು ಸರಿಯಾದ ಹೊತ್ತಿಗೆ ಬ್ಯಾರೆಲ್ ನೇರಕ್ಕೆ ಬಂದು ಲಾಕ್ ಆಗುತ್ತಾ ಅಂತ. ಖಾಲಿ ಗನ್ನಲ್ಲಿ ಸಿಲಿಂಡರಿಗೆ ಒಂದು ಬೆರಳು ಹಗೂರಕ್ಕೆ ತಾಗಿಸಿ ಹ್ಯಾಮರನ್ನ ನಿಧಾನ ಎಳೀರಿ, ಹ್ಯಾಮರ್ ಪೂರ್ತಿ ನಿಲ್ಲೋ ಮುಂಚೆನೇ ಸಿಲಿಂಡರ್ ಟಿಕ್ ಅಂತ ಲಾಕ್ ಆಗ್ಬೇಕು, ಆರಕ್ಕಾರೂ. ಐದು ಸರಿ ಒಂದು ತಡ ಅಂದ್ರೂ ಹೊಡೀಬೇಡಿ, ಗುಂಡು ಬ್ಯಾರೆಲ್ ಬಾಯಿಗೆ ಓರೆಯಾಗಿ ಬಡಿದು ಸೀಸ ಪಕ್ಕಕ್ಕೆ ಸಿಡಿಯುತ್ತೆ. ಹ್ಯಾಮರ್ ಎಳೆದು ನಿಲ್ಸಿ ಹೆಬ್ಬೆರಳಲ್ಲಿ ಹಿಂದಿನಿಂದ ತಳ್ಳಿ ನೋಡಿ, ಹ್ಯಾಮರ್ ಬಿದ್ದುಬಿಟ್ರೆ ಯಾರೋ ಒಳಗೆ ಅರ ಹಾಕಿ ಟ್ರಿಗರ್ ಹಗೂರ ಮಾಡಿದಾರೆ ಅಂತ ಲೆಕ್ಕ. ಪ್ರೈಮರ್ (ತೋಟಾ ತಳದಲ್ಲಿ ಕಿಡಿ ಹಚ್ಚೋ ಭಾಗ) ಆಗಾಗ ಸಿಡೀತಿಲ್ಲ ಅಂದ್ರೆ ಗ್ರಿಪ್ ಮುಂಭಾಗದ ಸ್ಪ್ರಿಂಗ್ ಸ್ಕ್ರೂ ಸಡಿಲ ಮಾಡಿರ್ಬಹುದು, ಅದೂ ಹಳೇ ಮಾಲೀಕರ ಟ್ರಿಕ್ಕೇ.

357ರಲ್ಲಿ 38 ಸ್ಪೆಷಲ್ ಅನ್ನೋ ತೋಟಾ ಹೊಡೀತೀರಾ? ಹೊಡೀಬಹುದು, ಆದ್ರೆ ಆ ಕೇಸ್ ಸುಮಾರು 3.4 ಮಿಲಿಮೀಟರ್ ಗಿಡ್ಡ, ಅದರ ಬಾಯಿ ಮುಗಿಯೋ ಕಡೆ ಮಸಿ ಉಂಗುರ ಕಟ್ಟುತ್ತೆ, ಆಮೇಲೆ ಮ್ಯಾಗ್ನಮ್ ಹಾಕಿದ್ರೆ ಪೂರ್ತಿ ಒಳಗೆ ಹೋಗಲ್ಲ. ಬ್ರಾಂಜ್ ಬ್ರಷ್ ಹಾಕಿ ಪ್ರತಿ ಸಲ ತೆಗೀರಿ, ಬಿಟ್ರೆ ಗಟ್ಟಿಯಾಗುತ್ತೆ.

ಬ್ಯಾರೆಲ್ಲನ್ನ ಮುಂದಿನಿಂದ್ಲೇ ಕ್ಲೀನ್ ಮಾಡ್ಬೇಕಾಗುತ್ತೆ, ಕ್ಲೀನಿಂಗ್ ರಾಡ್ ಬ್ಯಾರೆಲ್ ಬಾಯಂಚಿಗೆ ಉಜ್ಜದಂಗೆ ನೋಡ್ಕೊಳ್ಳಿ. ನಿಕಲ್ ಪಾಲಿಶ್ ಗನ್ನಾದ್ರೆ ಅಮೋನಿಯಾ ಇರೋ ಸಾಲ್ವೆಂಟ್ ಬೇಡ. ಚರ್ಮದ ಹೋಲ್‌ಸ್ಟರಲ್ಲಿ ತಿಂಗಳುಗಟ್ಲೆ ಇಡ್ಬೇಡಿ, ತೇವ ಹಿಡ್ದು ತುಕ್ಕು ಚುಕ್ಕಿ ಬೀಳುತ್ತೆ. ಸಿನಿಮಾದವರ ಥರ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಅದನ್ನ ಹಿಡ್ಕೊಂಡಿರೋ ಕ್ರೇನ್ ಬಗ್ಗುತ್ತೆ. ಕ್ಲೀನಿಂಗ್ ಮುಗಿದ್ಮೇಲೆ ಕೈ ಸೋಪಲ್ಲಿ ತೊಳೀರಿ, ಮಸಿಯಲ್ಲಿ ಸೀಸ ಇರುತ್ತೆ.

ಸ್ಟಾರ್ ಎತ್ತಿ ಅದರ ಅಡಿಯ ಒಂದು ಫೋಟೋ ಹಾಕಿ, ಎಜೆಕ್ಟರ್ ರಾಡ್ ಬೆರಳಲ್ಲೇ ತಿರುಗುತ್ತಾ ಅಂತಾನೂ ಹೇಳಿ, ಸಂಜೆ ನೋಡ್ತೀನಿ.